ತಾರೀಕು ಕೊಡದ ಫಿಸಿಯೋ ಮೇಡಂ

ಶಿವಮೊಗ್ಗದಲ್ಲಿ ಭುಜ, ಮೊಣಕೈ ನೋವಿಗೆ ಒಳ್ಳೆ ಫಿಸಿಯೋಥೆರಪಿ ಎಲ್ಲಿ ಸಿಗುತ್ತದೆ ಅಂತ ನನ್ನನ್ನು ಕೇಳುವವರು ಈಚೆಗೆ ಜಾಸ್ತಿ ಆಗಿದ್ದಾರೆ. ಕೈಗೆ ಪಟ್ಟಿ ಸುತ್ತಿಕೊಂಡು ಓಡಾಡಿದ್ದರ ಫಲ ಅದು. ನಾನು ಹೋಗುತ್ತಿರುವ ಸೆಂಟರು ದುರ್ಗಿಗುಡಿಯಲ್ಲಿದೆ. ಕೆಳಗೆ ಮೆಡಿಕಲ್ ಶಾಪು, ಮೇಲೆ ಇದು. ಹೆಸರು ಮಾತ್ರ ಬರೆಯಬೇಡಿ ಅಂತ ಮೇಡಂ ಮೊದಲೇ ಹೇಳಿಬಿಟ್ಟಿದ್ದಾರೆ. ಈಗ ಬರುವವರಿಗೇ ಕುರ್ಚಿ ಸಾಲುತ್ತಿಲ್ಲವಂತೆ. ಗಾಯವಾದವರು ಹೇಗಿದ್ದರೂ ಕೇಳಿಕೊಂಡು ಹೋಗುತ್ತಾರೆ ಬಿಡಿ.

ನಾನು ತೀರ್ಥಹಳ್ಳಿ ಕಡೆಯ ಒಂದು ಹೈಸ್ಕೂಲಿನಲ್ಲಿ ಪಿ.ಟಿ. ಮೇಷ್ಟ್ರು. ಆಡುವುದು ಬೇಸ್‌ಬಾಲ್, ಅದರಲ್ಲೂ ಪಿಚರ್, ಅಂದರೆ ಬ್ಯಾಟ್ ಹಿಡಿದವನಿಗೆ ಚೆಂಡು ಎಸೆಯುವವನು. ಇದನ್ನು ಹೇಳಿದ ಕೂಡಲೇ "ಅದು ಕ್ರಿಕೆಟ್ ಥರಾನೇ ಅಲ್ವಾ?" ಅನ್ನುವ ಪ್ರಶ್ನೆ ಬರುತ್ತದೆ. ಅಲ್ಲ. ಚೆಂಡು ಕ್ರಿಕೆಟ್ ಚೆಂಡಿಗಿಂತ ಸ್ವಲ್ಪ ಹಗುರ, 145 ಗ್ರಾಮಿನ ಆಸುಪಾಸು. ಎಸೆಯುವ ದೂರ 18.44 ಮೀಟರ್. ಓಡಿ ಬರುವ ಹಾಗಿಲ್ಲ, ನಿಂತಲ್ಲಿಂದಲೇ ಎಸೆಯಬೇಕು. ಓಟದ ಬಲ ಇಲ್ಲ, ಮೊಣಕೈ ಮಡಚಿಯೇ ಬೀಸಬೇಕು. ಹಾಗಾಗಿ ಇಡೀ ಮೈಯ ಜೋರು ಕಡೆಗೆ ಬಂದು ಬೀಳುವುದು ಮೊಣಕೈ ಒಳಗಿನ ಒಂದು ಚಿಕ್ಕ ಕಟ್ಟಿನ ಮೇಲೆ. ಎರಡು ಮೂಳೆಯನ್ನು ಹಿಡಿದಿಡುವ ಆ ಲಿಗಮೆಂಟ್ ಹೋದರೆ ಪಿಚರ್ ಹೋದ ಅಂತಲೇ ಲೆಕ್ಕ ಇತ್ತು, 1974ರ ತನಕ.

ಆ ವರ್ಷ ಲಾಸ್ ಏಂಜಲೀಸ್ ಡಾಡ್ಜರ್ಸ್ ತಂಡದ ಟಾಮಿ ಜಾನ್ ಎಂಬ ಪಿಚರನಿಗೆ ಡಾಕ್ಟರ್ ಫ್ರಾಂಕ್ ಜೋಬ್ ಒಂದು ಹೊಸ ಆಪರೇಷನ್ ಮಾಡಿದರು. ಮುಂಗೈಯಲ್ಲಿ ಅಷ್ಟೇನೂ ಕೆಲಸವಿಲ್ಲದ ಒಂದು ನರದಂಥ ಹುರಿ ತೆಗೆದು ಮೊಣಕೈಗೆ ಕಟ್ಟಿದರು. 1975 ಪೂರ್ತಿ ಆತ ಆಡಲಿಲ್ಲ. 1976ಕ್ಕೆ ವಾಪಸ್ ಬಂದ. ಆಮೇಲೆ 1989ರ ವರೆಗೆ ಆಡಿ 164 ಪಂದ್ಯ ಗೆದ್ದ. ಆಪರೇಷನ್ನಿಗೇ ಈಗ ಅವನ ಹೆಸರು. ಪೇಷೆಂಟಿನ ಹೆಸರಿನಲ್ಲಿ ಆಪರೇಷನ್ ಇರುವುದು ಅಪರೂಪ, ಸಾಮಾನ್ಯವಾಗಿ ಡಾಕ್ಟರೇ ತಮ್ಮ ಹೆಸರು ಹಾಕಿಕೊಳ್ಳುತ್ತಾರೆ.

ನನ್ನದು ಅಷ್ಟು ದೊಡ್ಡ ಕಥೆ ಅಲ್ಲ. ಒಂದು ಆಯ್ಕೆ ಕ್ಯಾಂಪಿನಲ್ಲಿ, ಬೆಳಗಿನ ಚಳಿಯಲ್ಲಿ, ಒಂದು ಎಸೆತಕ್ಕೆ ಮೊಣಕೈ ಒಳಬದಿ ಚುರ್ ಅಂತು. ಕಿರುಬೆರಳು, ಉಂಗುರದ ಬೆರಳು ಎರಡೂ ಜುಮು ಜುಮು. ಎಂಆರ್‌ಐ ಮಾಡಿಸಿದಾಗ ಲಿಗಮೆಂಟ್ ಅರೆಬರೆ ಹರಿದಿದೆ ಅಂತ ಬಂತು. ಮೂಳೆ ಡಾಕ್ಟರು ಆಪರೇಷನ್ ಬೇಡ, ಫಿಸಿಯೋ ಮಾಡಿಸಿ ಅಂದರು.

ಮೊದಲು ಹೋಗಿದ್ದು ಬೇರೆ ಒಂದು ಕಡೆ. ಅಲ್ಲಿ ಬಂದವರಿಗೆಲ್ಲ ಒಂದೇ ಪೂಜೆ. ಬಿಸಿ ಚೀಲ, ಆಮೇಲೆ ಕರೆಂಟಿನ ಮಿಷನ್ನು, ಆಮೇಲೆ ಜೆಲ್ ಹಚ್ಚಿ ಉಜ್ಜುವ ಮಿಷನ್ನು, ಮುಗೀತು. ಪಕ್ಕದ ಮಂಚದಲ್ಲಿ ಸೊಂಟ ನೋವಿನ ಅಜ್ಜಿಗೂ ಅದೇ, ನನ್ನ ಮೊಣಕೈಗೂ ಅದೇ. ನೋವು ಕಡಿಮೆ ಆಗುತ್ತದೆ, ಇಲ್ಲ ಅನ್ನುವುದಿಲ್ಲ. ಆದರೆ ನೀವು ಎಂತ ಕೆಲಸ ಮಾಡುತ್ತೀರಿ, ಕೈ ಯಾಕೆ ಹೀಗಾಯಿತು ಅಂತ ಅಲ್ಲಿ ಯಾರೂ ಕೇಳಲಿಲ್ಲ.

ದುರ್ಗಿಗುಡಿಯ ಮೇಡಂ ಮೊದಲ ದಿನ ಮೊಣಕೈ ಮುಟ್ಟಿದ್ದು ಕೊನೆಗೆ. ಮೊದಲು ಒಂಟಿ ಕಾಲಲ್ಲಿ ನಿಲ್ಲಿಸಿದರು. ಎಡಗಾಲು ನಡುಗಿತು. ಬರೆದುಕೊಂಡರು. ಸೊಂಟ ತಿರುಗಿಸಿ ನೋಡಿದರು. ಬರೆದುಕೊಂಡರು. ಆಮೇಲೆ ಅಂಗಾತ ಮಲಗಿಸಿ, ತೋಳು ಪಕ್ಕಕ್ಕೆ ಚಾಚಿಸಿ, ಮುಂಗೈಯನ್ನು ಹಿಂದಕ್ಕೆ ಬಾಗಿಸಿದರು. ಪ್ಲಾಸ್ಟಿಕ್ಕಿನ ಕೋನಮಾಪಕದಂಥ ಒಂದು ಸ್ಕೇಲು ಇಟ್ಟು ಎಷ್ಟು ಡಿಗ್ರಿ ಅಂತ ಅಳೆದರು. ಮುಂದಕ್ಕೂ ಹಾಗೇ. ಬಲಗೈ ಹಿಂದಕ್ಕೆ ಬೇಕಾದ್ದಕ್ಕಿಂತ ಹೆಚ್ಚು ಹೋಗುತ್ತದೆ, ಮುಂದಕ್ಕೆ ಎಡಗೈಯಷ್ಟು ಬರುವುದಿಲ್ಲ. ವರ್ಷಗಟ್ಟಲೆ ಎಸೆದವರ ಭುಜ ಹೀಗಾಗುವುದು ಮಾಮೂಲು. ನನಗೆ ಓದಿ ಗೊತ್ತಿತ್ತು. ಸ್ಕೇಲು ಇಟ್ಟು ತೋರಿಸಿದವರು ಇವರೇ.

"ಮೇಷ್ಟ್ರೇ, ನಿಮ್ಮ ಮೊಣಕೈ ಪಾಪದ್ದು. ಸೊಂಟ, ಭುಜ ಎರಡೂ ಕೆಲಸ ತಪ್ಪಿಸಿಕೊಂಡಿವೆ. ಅದೊಂದೇ ದುಡಿದಿದೆ" ಅಂದರು.

ನಾನು ಎಲ್ಲರೂ ಕೇಳುವ ಪ್ರಶ್ನೆ ಕೇಳಿದೆ. ಎಷ್ಟು ದಿನಕ್ಕೆ ಸರಿ ಹೋಗುತ್ತದೆ?

"ತಾರೀಕು ಕೊಡಲ್ಲ" ಅಂದರು. "ಇವತ್ತು ಎಂತ ಮಾಡಬಹುದು ಅಂತ ಹೇಳ್ತೀನಿ. ಅದು ಆದ್ರೆ ನಾಳೆದು."

ಈ ಒಂದು ಮಾತಿಗೇ ಎಷ್ಟೋ ಜನ ಈ ಸೆಂಟರು ಬಿಟ್ಟು ಹೋಗಿದ್ದಾರೆ ಅಂತ ಆಮೇಲೆ ಗೊತ್ತಾಯಿತು. ಇನ್ನೊಂದು ಕಡೆ "ಹತ್ತು ಸಿಟ್ಟಿಂಗ್, ಗ್ಯಾರಂಟಿ" ಅನ್ನುವಾಗ ಇಲ್ಲಿ ಹೀಗಂದರೆ ಯಾರಿಗೆ ಸಮಾಧಾನ ಆಗುತ್ತದೆ ಹೇಳಿ. ನನಗೆ ಮಾತ್ರ ನಂಬಿಕೆ ಬಂದಿದ್ದು ಇಲ್ಲೇ. ಬೇಸ್‌ಬಾಲ್ ನೋಡುವವರಿಗೆ ಗೊತ್ತು, ಮೊಣಕೈ ವಿಷಯದಲ್ಲಿ ತಾರೀಕು ಕೊಟ್ಟವರೆಲ್ಲ ತಿರುಗಿ ತಾರೀಕು ಬದಲಿಸಿದವರೇ. ಜೇಕಬ್ ಡಿಗ್ರಾಮ್ ಅಂತ ಒಬ್ಬ ಇದ್ದಾನೆ. ಈ ಕಾಲದ ಅತಿ ಒಳ್ಳೆ ಪಿಚರುಗಳಲ್ಲಿ ಒಬ್ಬ. 2010ರಲ್ಲೇ ಒಂದು ಸಲ ಟಾಮಿ ಜಾನ್ ಆಪರೇಷನ್ ಆಗಿತ್ತು. 2022ರ ಕೊನೆಗೆ ಟೆಕ್ಸಾಸ್ ರೇಂಜರ್ಸ್ ಐದು ವರ್ಷಕ್ಕೆ 18.5 ಕೋಟಿ ಡಾಲರ್ ಕೊಟ್ಟು ಕರೆಸಿಕೊಂಡಿತು. 2023ರ ಜೂನಿನಲ್ಲಿ ಅದೇ ಮೊಣಕೈಗೆ ಮತ್ತೆ ಆಪರೇಷನ್. ತಂಡ ಆ ವರ್ಷ ವರ್ಲ್ಡ್ ಸೀರೀಸ್, ಅಂದರೆ ಅಲ್ಲಿನ ಲೀಗಿನ ಫೈನಲ್, ಗೆದ್ದಾಗ ಅವನು ಆಡುವ ಹಾಗೇ ಇರಲಿಲ್ಲ. ತಿರುಗಿ ಮೈದಾನಕ್ಕೆ ಬಂದಿದ್ದು 2024ರ ಸೆಪ್ಟೆಂಬರಿಗೆ. ಅಷ್ಟು ದುಡ್ಡು, ಅಷ್ಟು ಡಾಕ್ಟರು ಇದ್ದೂ ಹದಿನೈದು ತಿಂಗಳು.

ನನ್ನ ಹಾಗೆ ಅರೆಬರೆ ಹರಿದವರಿಗೆ ಬೇರೆ ದಾರಿ ಇದೆ. ಜಪಾನಿನ ಮಸಾಹಿರೊ ತನಾಕಾ 2014ರಲ್ಲಿ ನ್ಯೂಯಾರ್ಕ್ ಯಾಂಕೀಸ್‌ಗೆ ಬಂದ ಮೊದಲ ವರ್ಷವೇ ಇದೇ ಲಿಗಮೆಂಟ್ ಸ್ವಲ್ಪ ಹರಿದುಕೊಂಡ. ಆಪರೇಷನ್ ಮಾಡಿಸಲಿಲ್ಲ. ಇಂಜೆಕ್ಷನ್, ವ್ಯಾಯಾಮ, ವಿಶ್ರಾಂತಿ. ಎರಡು ಚಿಲ್ಲರೆ ತಿಂಗಳಲ್ಲಿ ವಾಪಸ್ ಬಂದು 2020ರ ವರೆಗೂ ಅಲ್ಲೇ ಆಡಿದ. ಇದನ್ನು ಮೇಡಂಗೆ ಹೇಳಿದೆ. ಕೇಳಿಸಿಕೊಂಡರು. "ಅವರ ಮೊಣಕೈ ಅವರದು, ನಿಮ್ಮದು ನಿಮ್ಮದು" ಅಂತ ಹೇಳಿ ಅಕ್ಕಿ ಬಕೆಟ್ ಮುಂದಿಟ್ಟರು.

ಈ ಬಕೆಟ್ ಬಗ್ಗೆ ಸ್ವಲ್ಪ ಹೇಳಬೇಕು. ಮಾಮೂಲಿ ನೀಲಿ ಪ್ಲಾಸ್ಟಿಕ್ ಬಕೆಟ್. ಮುಕ್ಕಾಲು ತುಂಬ ನುಚ್ಚು. ಕೈಯನ್ನು ಮಣಿಕಟ್ಟು ಮುಳುಗುವಷ್ಟು ಒಳಗೆ ಹಾಕಿ ಮುಷ್ಟಿ ಕಟ್ಟಬೇಕು, ಬಿಡಿಸಬೇಕು. ಬೆರಳು ಅಗಲಿಸಬೇಕು. ಬಾಗಿಲ ಹಿಡಿ ತಿರುಗಿಸಿದ ಹಾಗೆ ಆ ಕಡೆ ಈ ಕಡೆ ತಿರುಗಿಸಬೇಕು. ನೋಡುವುದಕ್ಕೆ ಮಕ್ಕಳಾಟ. ಒಂದು ನಿಮಿಷ ಕಳೆಯುವುದರೊಳಗೆ ಮುಂಗೈ ಉರಿಯುತ್ತದೆ. ಲಿಗಮೆಂಟಿನ ಮೇಲೆ ಬೀಳುವ ಭಾರವನ್ನು ಹಂಚಿಕೊಳ್ಳುವುದು ಮುಂಗೈ ಒಳಗಿನ ಸ್ನಾಯುಗಳೇ. ಅಮೆರಿಕದ ಪಿಚರುಗಳು ತುಂಬ ಹಿಂದಿನಿಂದ ಮಾಡುವ ಕಸರತ್ತು ಇದು. ಒಂದೂ ಮಿಷನ್ ಬೇಡ.

ಮನೆಯಲ್ಲೂ ಮಾಡಿ ಅಂದರು. ಅಮ್ಮನ ಹತ್ತಿರ ಒಂದು ಬಕೆಟ್ ಅಕ್ಕಿ ಕೇಳಿದೆ.

"ಊಟದ ಅಕ್ಕಿಗೆ ಕೈ ಹಾಕಿ ಆಡ್ತೀಯಾ? ಕೋಳಿಗಿಟ್ಟ ನುಚ್ಚಿದೆ, ತಗೊಂಡು ಹೋಗು ಮಾರಾಯ."

ಈಗ ಸಂಜೆ ನಾನು ಜಗಲಿಯಲ್ಲಿ ಬಕೆಟ್ ಇಟ್ಟುಕೊಂಡು ಕೂತರೆ ಕೋಳಿಗಳೂ ಬಂದು ನಿಲ್ಲುತ್ತವೆ. ಅವುಗಳ ಪ್ರಕಾರ ನಾನು ಅವುಗಳ ಪಾಲು ಕದಿಯುತ್ತಿದ್ದೇನೆ.

ಸೆಂಟರಿನ ಇನ್ನೊಂದು ಲಾಭ, ಕಾಯುವ ಜಾಗದ ಮಾತುಕತೆ. ಲಾಭ ಅಂತ ನಾನು ಅನ್ನುತ್ತೇನೆ, ಅರ್ಜೆಂಟ್ ಇರುವವರು ಬೈದುಕೊಳ್ಳುತ್ತಾರೆ. ಟೈಮ್ ಕೊಟ್ಟಿದ್ದರೂ ಮುಕ್ಕಾಲು ಗಂಟೆ ಕೂರಬೇಕು. ಭುಜ ಹಿಡಿದುಕೊಂಡ ನಿವೃತ್ತ ಕ್ಲಾರ್ಕ್ ಒಬ್ಬರು ನಾನು ಪಿಚರ್ ಅಂದಿದ್ದೇ ತಡ ಶುರು ಮಾಡಿದರು. "ನಮ್ಮ ಶ್ರೀನಾಥನಿಗೂ ಭುಜ ಹೋಗಿತ್ತು ಕಣಯ್ಯಾ, 97ರಲ್ಲಿ. ಆಪರೇಷನ್ ಆಯ್ತು. ಮುಗೀತು ಅಂದ್ರು ಎಲ್ರೂ. 2003ರ ವರ್ಲ್ಡ್ ಕಪ್ ಫೈನಲ್ ತನಕ ಹಾಕಿದ ನೋಡು." ನಿಜವೇ. ಬುಮ್ರಾ, ಪ್ರಸಿದ್ಧ್ ಕೃಷ್ಣ ಇಬ್ಬರದೂ ಬೆನ್ನು. ಇಬ್ಬರೂ 2023ರ ಆಗಸ್ಟಿನಲ್ಲಿ ಐರ್ಲೆಂಡಿನ ಒಂದೇ ಸರಣಿಯಲ್ಲಿ ವಾಪಸ್ ಬಂದರು. ಫಾಸ್ಟ್ ಬೌಲರಿಗೆ ಹೆಚ್ಚಾಗಿ ಬೆನ್ನು ಹೋಗುತ್ತದೆ, ಪಿಚರಿಗೆ ಮೊಣಕೈ.

ಅದೇ ಬೆಂಚಿನಲ್ಲಿ ಹೊಸನಗರ ಕಡೆಯ ಒಬ್ಬ ಕೊನೆಗೌಡರು ಸಿಕ್ಕಿದ್ದರು. ಅಡಿಕೆ ಮರ ಹತ್ತಿ ಕೊನೆ ತೆಗೆಯುವವರು. ಜಾರಿದಾಗ ಒಂದೇ ಕೈಯಲ್ಲಿ ಮರ ಹಿಡಿದು ಭುಜದ ಸ್ನಾಯು ಹರಿದುಕೊಂಡಿದ್ದರು. ಅವರೂ ಮೇಡಂಗೆ ಕೇಳಿದ್ದು ಅದನ್ನೇ. "ಕೊಯ್ಲಿನ ಹೊತ್ತಿಗೆ ಕೈ ಬರ್ತದಾ ಅಮ್ಮಾ?" ಅವರಿಗೂ ಅದೇ ಉತ್ತರ. ಆ ವರ್ಷ ಅವರು ಹೋಗುತ್ತಿದ್ದ ತೋಟದವರು ಫೈಬರ್ ದೋಟಿ ತಂದು, ದೋಟಿ ಹಿಡಿಯುವ ಹುಡುಗರನ್ನು ಕರೆದುಕೊಂಡರಂತೆ. ನೆಲದ ಮೇಲೆ ನಿಂತೇ ಕೊನೆ ಇಳಿಸುತ್ತಾರೆ. "ಅವರದ್ದೂ ತಪ್ಪಲ್ಲ, ಕೊನೆ ಕಾಯ್ತದಾ?" ಅಂದರು ಗೌಡರು.

ನನ್ನ ತಂಡದ ವಿಷಯವೂ ಹೆಚ್ಚು ಕಡಿಮೆ ಹಾಗೇ ಆಗಿತ್ತು. ಸಂಭಾವ್ಯರ ಪಟ್ಟಿಯಲ್ಲಿ ನನ್ನ ಹೆಸರಿತ್ತು. ಗಾಯ ಆಯಿತು. ಮುಂದಿನ ಪಟ್ಟಿ ವಾಟ್ಸಾಪಿನಲ್ಲಿ ಬಂದಾಗ ಇರಲಿಲ್ಲ. ತೆಗೆದಿದ್ದೇವೆ ಅಂತ ಒಂದು ಫೋನಿಲ್ಲ, ಸರಿ ಹೋದ ಮೇಲೆ ಬನ್ನಿ ಅಂತ ಒಂದು ಮೆಸೇಜಿಲ್ಲ. ಪಿಡಿಎಫ್ ಎರಡು ಸಲ ತೆರೆದು ನೋಡಿದೆ, ಅಷ್ಟೇ.

ಅಮೆರಿಕದ ಮೇಜರ್ ಲೀಗಿನಲ್ಲಿ, ಅಂದರೆ ಅಲ್ಲಿನ ಅತಿ ದೊಡ್ಡ ಬೇಸ್‌ಬಾಲ್ ಲೀಗಿನಲ್ಲಿ, ಇದಕ್ಕೆಲ್ಲ ನಿಯಮ ಇದೆ. ತಂಡದಲ್ಲಿ 26 ಜನ, ಅದರ ಹಿಂದೆ 40 ಜನರ ದೊಡ್ಡ ಪಟ್ಟಿ. ಪಿಚರಿಗೆ ಗಾಯವಾದರೆ 15 ದಿನದ ಗಾಯಾಳು ಪಟ್ಟಿಗೆ ಹಾಕುತ್ತಾರೆ. ದೊಡ್ಡ ಗಾಯವಾದರೆ 60 ದಿನದ್ದು. ಆಗ 40ರಲ್ಲಿ ಅವನ ಜಾಗ ಇನ್ನೊಬ್ಬನಿಗೆ ಸಿಗುತ್ತದೆ, ಆದರೆ ಸಂಬಳ ನಿಲ್ಲುವುದಿಲ್ಲ. ಗುಣವಾಗುತ್ತಾ ಬಂದಾಗ ಕೆಳಗಿನ ಲೀಗಿಗೆ ಕಳಿಸಿ 30 ದಿನದ ತನಕ ಪರೀಕ್ಷೆ ಮಾಡಬಹುದು. ಹಾಗಂತ ಅಲ್ಲಿ ಎಲ್ಲರೂ ದೇವರು ಅಂತ ತಿಳಿಯಬೇಡಿ. ಒಬ್ಬ ಆಟಗಾರನನ್ನು ಒಂದೇ ಸೀಸನ್ನಿನಲ್ಲಿ ಐದು ಸಲ ಕೆಳಗಿನ ಲೀಗಿಗೆ ಇಳಿಸಬಹುದು. ಬೇಡ ಅನಿಸಿದರೆ 40ರಿಂದಲೇ ತೆಗೆದು, ಏಳು ದಿನದೊಳಗೆ ಮಾರುವುದೋ ಬಿಡುವುದೋ ತೀರ್ಮಾನ ಮಾಡುತ್ತಾರೆ. ಆ ಏಳು ದಿನ ಆಟಗಾರನ ಮನೆಯಲ್ಲಿ ಹೇಗಿರಬಹುದು ಅಂತ ನಾನು ಯೋಚಿಸಿದ್ದೇನೆ. ಆದರೂ ಏಳು ದಿನ ಅಂತ ಇದೆಯಲ್ಲ.

ಆ ನಿಯಮಗಳೂ ಎಲ್ಲರನ್ನೂ ಉಳಿಸುವುದಿಲ್ಲ. ನಮ್ಮ ದೇಶದ ರಿಂಕು ಸಿಂಗ್ (ಕ್ರಿಕೆಟಿನ ರಿಂಕು ಅಲ್ಲ), ದಿನೇಶ್ ಪಟೇಲ್ 2008ರಲ್ಲಿ ಒಂದು ಎಸೆತದ ಸ್ಪರ್ಧೆಯಿಂದ ಆಯ್ಕೆಯಾಗಿ ಪಿಟ್ಸ್‌ಬರ್ಗ್ ಪೈರೇಟ್ಸ್ ಸೇರಿದ್ದರು. ಇಬ್ಬರೂ ಉತ್ತರ ಪ್ರದೇಶದ ಜಾವೆಲಿನ್ ಹುಡುಗರು. ಅದಕ್ಕೆ ಮುಂಚೆ ಬೇಸ್‌ಬಾಲ್ ಮುಟ್ಟಿಯೇ ಇರಲಿಲ್ಲ. ದಿನೇಶನನ್ನು 2010ರಲ್ಲಿ ಬಿಟ್ಟರು. ರಿಂಕು ಕೆಳಗಿನ ಲೀಗಿನಲ್ಲಿ ಚೆನ್ನಾಗೇ ಎಸೆಯುತ್ತಿದ್ದ, 2013ರಲ್ಲಿ ಮೊಣಕೈ ಆಪರೇಷನ್ ಆಯಿತು. ಮತ್ತೆ ಒಂದು ಪಂದ್ಯಕ್ಕೂ ಬರಲಾಗಲಿಲ್ಲ. 2018ರಲ್ಲಿ ಡಬ್ಲ್ಯೂಡಬ್ಲ್ಯೂಇ ಕುಸ್ತಿಗೆ ಹೋದ. ಇನ್ನೊಂದು ಕಡೆ ಅಮೆರಿಕದ ಪಿಚರ್ ರಿಚ್ ಹಿಲ್ ಇದ್ದಾನೆ. 2011ರಲ್ಲಿ ಟಾಮಿ ಜಾನ್ ಆಪರೇಷನ್, ತಂಡದಿಂದ ತಂಡಕ್ಕೆ ಅಲೆದಾಟ, 2015ರಲ್ಲಿ ಮೇಜರ್ ಲೀಗಿಗೆ ಸಂಬಂಧವೇ ಇಲ್ಲದ ಲಾಂಗ್ ಐಲ್ಯಾಂಡಿನ ಒಂದು ತಂಡದಲ್ಲಿ ಎಸೆತ. ಅಲ್ಲಿಂದ ಎದ್ದು ಮರುವರ್ಷದ ಕೊನೆಗೆ ಡಾಡ್ಜರ್ಸ್ ಜೊತೆ 4.8 ಕೋಟಿ ಡಾಲರಿನ ಒಪ್ಪಂದ. 2025ರಲ್ಲಿ, 45ನೇ ವಯಸ್ಸಿನಲ್ಲಿ, 14ನೇ ತಂಡಕ್ಕೆ ಆಡಿ, ಅತಿ ಹೆಚ್ಚು ತಂಡಗಳಿಗೆ ಆಡಿದ ಹಳೆ ದಾಖಲೆ ಸರಿಗಟ್ಟಿದ. ಇಬ್ಬರದೂ ಮೊಣಕೈಯೇ.

ಇಷ್ಟೆಲ್ಲ ಹೇಳಿದ್ದು ಯಾಕೆಂದರೆ, ಈ ಸೆಂಟರಿನಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾಗಿದ್ದು ಅವರು ಕೊಡುವ ಒಂದು ಹಾಳೆ. ತಂಡಕ್ಕೆ ತೋರಿಸಲು ಫಿಟ್‌ನೆಸ್ ಸರ್ಟಿಫಿಕೇಟ್ ಕೊಡಿ ಅಂತ ಕೇಳಿದ್ದೆ. "ಫಿಟ್ ಅಂತ ಬರೆಯಲ್ಲ. ಅನ್‌ಫಿಟ್ ಅಂತಲೂ ಬರೆಯಲ್ಲ" ಅಂದರು. ಬರೆದಿದ್ದು ಇಷ್ಟು: 14 ಮೀಟರ್ ದೂರ, 25 ಎಸೆತದ ಎರಡು ಸರದಿ, ನೋವಿಲ್ಲ, ಮರುದಿನವೂ ನೋವಿಲ್ಲ. ಮುಂದಿನ ಹಂತ ಇಂಥದ್ದು. ಕೆಳಗೆ ಸಹಿ, ಸೀಲು.

ಆ ಹಾಳೆಯನ್ನು ಕೋಚಿಗೆ ಕಳಿಸಿದೆ. ಗಾಯದ ನಂತರ ಮೊದಲ ಸಲ ಅವರಿಂದ ಉತ್ತರ ಬಂತು. "ಮುಂದಿನ ಹಾಳೆನೂ ಕಳಿಸು." ಪಟ್ಟಿಯಲ್ಲಿ ಜಾಗ ಕೊಡುತ್ತಾರೋ ಇಲ್ಲವೋ, ಮಾತಾಡಲು ಒಂದು ವಿಷಯ ಸಿಕ್ಕಿತಲ್ಲ.

ಎಸೆತದ ಹಂತಗಳು ಹೊಸದಾಗಿ ಕಂಡುಹಿಡಿದದ್ದಲ್ಲ. 45 ಅಡಿಯಿಂದ ಶುರು. ಆಮೇಲೆ 60, 90, 120, ಹಾಗೇ ಮೇಲಕ್ಕೆ. ಎಸೆದ ಮರುದಿನ ರಜೆ. ನೋವು ಬಂದರೆ ಒಂದು ಹಂತ ಕೆಳಗೆ. ಸೆಂಟರಿನ ಒಳಗೆ ಎಸೆಯುವಷ್ಟು ಜಾಗ ಇಲ್ಲ. ಅದಕ್ಕೆ ಬೆಳಿಗ್ಗೆ ನೆಹರೂ ಸ್ಟೇಡಿಯಂಗೆ ಬರಹೇಳುತ್ತಾರೆ. ಅಸಿಸ್ಟೆಂಟ್ ಹುಡುಗ ಬಂದು ಮೊಬೈಲಿನಲ್ಲಿ ವಿಡಿಯೋ ಹಿಡಿಯುತ್ತಾನೆ. ಮೇಡಂ ಅದನ್ನು ನಿಧಾನ ಮಾಡಿ ನೋಡಿ, ಮುಂಗಾಲು ಊರುವಾಗ ಮೊಣಕೈ ಭುಜಕ್ಕಿಂತ ಕೆಳಗಿತ್ತು, ಸೊಂಟ ಬೇಗ ತೆರೆದುಕೊಂಡಿತು ಅಂತ ಗುರುತು ಹಾಕಿ ಕಳಿಸುತ್ತಾರೆ. ಹುಡುಗ ಒಳ್ಳೆಯವನೇ, ಆದರೆ ಎಣಿಕೆ ತಪ್ಪುತ್ತಾನೆ. ನೀವೇ ಎಣಿಸಿಕೊಳ್ಳಿ.

ಕುಂದುಗಳೂ ಇವೆ. ಮೊದಲನೆಯದು ಮೆಟ್ಟಿಲು. ಮಂಡಿ ನೋವಿನವರು ಬರುವ ಜಾಗಕ್ಕೆ ಕಡಿದಾದ ಮೆಟ್ಟಿಲು, ಲಿಫ್ಟಿಲ್ಲ. ಮಳೆಗಾಲದಲ್ಲಿ ಒದ್ದೆ ಛತ್ರಿಗಳೆಲ್ಲ ಆ ಮೆಟ್ಟಿಲ ಮೇಲೇ. ವಯಸ್ಸಾದವರನ್ನು ಕರೆತರುವುದಾದರೆ ಹಿಡಿದುಕೊಳ್ಳಲು ಒಬ್ಬರು ಜೊತೆಗಿರಲಿ. ಗಾಡಿ ನಿಲ್ಲಿಸಲು ಜಾಗ ಕೇಳಲೇಬೇಡಿ, ದುರ್ಗಿಗುಡಿ ಅಂದ ಮೇಲೆ ಗೊತ್ತಲ್ಲ. ಸಂಜೆ ಬ್ಯಾಚಿನಲ್ಲಿ ಗದ್ದಲ ಜಾಸ್ತಿ, ಮೇಡಂ ಕೈಗೆ ಸಿಗುವುದು ಕಡಿಮೆ. ಬೆಳಗಿನ ಹೊತ್ತೇ ವಾಸಿ. ನಾನು ತೀರ್ಥಹಳ್ಳಿಯಿಂದ ಮೊದಲ ಬಸ್ಸಿಗೇ ಹೊರಡುತ್ತೇನೆ. ಮಂಡಗದ್ದೆ ದಾಟುವವರೆಗೂ ನಿದ್ದೆ.

ಖರ್ಚು ಮೊದಲ ಸಲಕ್ಕೆ 500, ಆಮೇಲೆ ಸಿಟ್ಟಿಂಗಿಗೆ 350 ರೂಪಾಯಿ. ಸ್ಟೇಡಿಯಂ ವಿಡಿಯೋಗೆ ಬೇರೆ 200. ಕಡಿಮೆ ಅಲ್ಲ. ಆದರೆ ಮುಂಗಡ ಪ್ಯಾಕೇಜ್ ಅಂತ ದುಡ್ಡು ಕಟ್ಟಿಸಿಕೊಳ್ಳುವುದಿಲ್ಲ. ಮನೆಯಲ್ಲೇ ಮಾಡಬಹುದಾದ್ದಕ್ಕೆ "ಸುಮ್ನೆ ಬಸ್ ಚಾರ್ಜ್ ಹಾಕ್ಕೊಂಡು ಬರಬೇಡಿ" ಅಂತ ಅವರೇ ಹೇಳುತ್ತಾರೆ. ರಸೀದಿ ಕೇಳಿದರೆ ಕೊಡುತ್ತಾರೆ, ಕೇಳಬೇಕು.

ಬಿಸಿ ಕಾವು, ಮಸಾಜು ಬೇಕು ಅನ್ನುವವರಿಗೆ ಇದು ಸರಿಯಾದ ಜಾಗ ಅಲ್ಲ. ಕರೆಂಟಿನ ಮಿಷನ್ ಒಂದು ಮೂಲೆಯಲ್ಲಿದೆ, ಅದರ ಮೇಲೆ ಟವೆಲ್ ಒಣಗುತ್ತಿರುತ್ತದೆ. ನಾಡಿದ್ದು ಟೂರ್ನಮೆಂಟ್ ಇದೆ, ಹೇಗಾದರೂ ಎಸೆಯುವ ಹಾಗೆ ಮಾಡಿ ಅನ್ನುವವರೂ ಬರಬೇಡಿ. ನನ್ನೆದುರೇ ಒಬ್ಬ ಹುಡುಗನನ್ನು ಹಾಗೇ ವಾಪಸ್ ಕಳಿಸಿದ್ದಾರೆ. ಎಸೆಯುವ ಆಟ ಆಡುವವರು, ಭಾರ ಎತ್ತುವ ಕೆಲಸದವರು, ಮರ ಹತ್ತುವವರು ಹೋಗಿ. ಹಳೆ ಎಂಆರ್‌ಐ ಇದ್ದರೆ ರಿಪೋರ್ಟ್ ಮಾತ್ರ ಅಲ್ಲ, ಫಿಲ್ಮನ್ನೂ ತಗೊಂಡು ಹೋಗಿ, ಅದನ್ನೇ ಮೊದಲು ಕೇಳುತ್ತಾರೆ. ಐದಕ್ಕೆ ನಾಲ್ಕು ಸ್ಟಾರ್ ಕೊಡುತ್ತೇನೆ. ಹೋದ ಒಂದು ಸ್ಟಾರು ಮೆಟ್ಟಿಲಿಗೆ. ಭಾನುವಾರ ರಜೆ.